ಬಣ್ಣಕ್ಕಿಂತ ಮೊದಲು ಗೋಡೆ

ದೀಪಾವಳಿ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಸುಣ್ಣಬಣ್ಣಗಳ ಸಡಗರ ಆರಂಭವಾಗುತ್ತದೆ. ಆದರೆ ಮಳೆಗಾಲವಿಡೀ ನೀರು ಕುಡಿದ ಗೋಡೆ ಅಷ್ಟರಲ್ಲಿ ಒಣಗಿರುವುದಿಲ್ಲವೆಂಬುದನ್ನು ನಾವು ಗಮನಿಸುವುದು ಕಡಿಮೆ.

ಹಳ್ಳಿಯಲ್ಲಿರುವ ನಮ್ಮ ಹಿರಿಯರ ಮನೆಯ ಗೋಡೆಗಳು ಕಲ್ಲು ಮಣ್ಣಿನವು. ಮೇಲೆ ಸುಣ್ಣದ ಗಾರೆ. ಮನೆಯಲ್ಲಿ ಮದುವೆ ನಿಶ್ಚಯವಾದಾಗ ಅವಸರದಿಂದ ಗಾರೆ ಕೆತ್ತಿಸಿ, ಸಿಮೆಂಟಿನ ಗಿಲಾವು ಮಾಡಿಸಿ, ಹತ್ತೇ ದಿನಗಳಲ್ಲಿ ನೀರು ತಡೆಯುವ ಬಣ್ಣ ಬಳಿಸಿದೆವು. ಮದುವೆಯ ದಿನ ಪಡಸಾಲೆ ಥಳಥಳಿಸಿತು. ಎರಡನೆಯ ಮಳೆಗಾಲಕ್ಕೆ ಮೊಣಕಾಲೆತ್ತರದಲ್ಲಿ ಬೊಬ್ಬೆಗಳೆದ್ದು ಬಣ್ಣ ಹಪ್ಪಳದಂತೆ ಕಳಚತೊಡಗಿತು. ಬಣ್ಣದವನನ್ನು ಬೈದೆವು. ಗಿಲಾವು ಕಿತ್ತಾಗಲೇ ನಮಗೆ ನಿಜ ತಿಳಿದದ್ದು: ಕಲ್ಲುಗಳ ನಡುವಿನ ಮಣ್ಣು ಬೆರಳಿಗೆ ಬರುವಷ್ಟು ಮೆತ್ತಗಾಗಿತ್ತು. ತಾಯಿಯವರು ಮಲಗುತ್ತಿದ್ದುದು ಅದೇ ಗೋಡೆಯ ಪಕ್ಕದಲ್ಲಿ.

ನೆಲದ ತೇವ ಗೋಡೆಯೊಳಗೆ ಮೇಲೇರುತ್ತದೆ. ಸುಣ್ಣದ ಗಾರೆ ಅದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಮತ್ತು ದಪ್ಪ ಬಣ್ಣಗಳು ಆ ದಾರಿಯನ್ನು ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ಅದರಲ್ಲಿ ಕರಗಿದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ದೂಡುತ್ತದೆ. ಆದ್ದರಿಂದ ಮೊದಲು ನೋಡಬೇಕಾದುದು ಗೋಡೆಯನ್ನಲ್ಲ, ನೀರು ಬರುವ ದಾರಿಯನ್ನು: ಮಾಳಿಗೆಯ ದೋಣಿ, ಬಚ್ಚಲಿನ ಕೊಳವೆ, ಗೋಡೆಗೆ ಒತ್ತಿ ಏರಿಸಿದ ಅಂಗಳದ ಮಣ್ಣು. ಇವನ್ನು ಸರಿಪಡಿಸದೆ ಎಷ್ಟು ಬೆಲೆಯ ಬಣ್ಣ ತಂದರೂ ವ್ಯರ್ಥ.

ಬೆಳ್ಳಗೆ ಮೂಡಿದ ಉಪ್ಪನ್ನು ನೀರಿನಿಂದ ತೊಳೆಯುವುದು ಎಲ್ಲರೂ ಮಾಡುವ ತಪ್ಪು, ನಾವೂ ಮಾಡಿದ್ದೇವೆ. ತೊಳೆದರೆ ಅದು ಕರಗಿ ಮತ್ತೆ ಗೋಡೆಯನ್ನೇ ಸೇರುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಬಿದ್ದ ಪುಡಿಯನ್ನು ಗುಡಿಸಿ ಹೊರಗೆ ಹಾಕಬೇಕು. ಪಾಚಿಗೆ ಬ್ಲೀಚಿಂಗ್ ಪೌಡರಿನ ನೀರು ಸಾಕು. ಆಮೇಲೆ ಚೆನ್ನಾಗಿ ತೊಳೆದು ಒಣಗಿಸಬೇಕು. ಅದರೊಡನೆ ಆಸಿಡ್ ಬೆರೆಸಿದರೆ ವಿಷದ ಗಾಳಿ ಏಳುತ್ತದೆಂಬ ಎಚ್ಚರವಿರಲಿ. ಆಸಿಡ್ ಸುಣ್ಣದ ಗಾರೆಯನ್ನೂ ತಿನ್ನುತ್ತದೆ.

ಬೆರಳಿನ ಗೆಣ್ಣಿನಿಂದ ಗೋಡೆಯನ್ನು ತಟ್ಟಿ ನೋಡಿರಿ. ಟೊಳ್ಳು ಸದ್ದು ಬಂದಲ್ಲಿ ಗಾರೆ ಬಿಟ್ಟಿದೆಯೆಂದು ತಿಳಿದು ಅಷ್ಟನ್ನು ತೆಗೆಸಿರಿ. ಅಂಗೈಯಿಂದ ಒರಸಿದಾಗ ಪುಡಿ ಹತ್ತಿದರೆ ಅದರ ಮೇಲೆ ಬಳಿದುದು ಪುಡಿಯನ್ನೇ ಹಿಡಿದುಕೊಳ್ಳುತ್ತದೆ, ಗೋಡೆಯನ್ನಲ್ಲ. ಬಿರುಕನ್ನು ಸ್ವಲ್ಪ ಅಗಲಿಸಿ, ಧೂಳು ತೆಗೆದು, ನೀರು ಚಿಮುಕಿಸಿ ತುಂಬಬೇಕು. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಒಪ್ಪುತ್ತದೆ. ಹಳೆಯ ಎಣ್ಣೆಬಣ್ಣವನ್ನು ಒಣದಾಗಿ ಉಜ್ಜಬಾರದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳಿಗೆ ಅಪಾಯಕಾರಿಯಾಗಬಹುದು. ತೇವ ಮಾಡಿ ಉಜ್ಜಿಸಿ, ಮಕ್ಕಳನ್ನು ಆ ದಿನ ದೂರವಿಡುವುದು ಕ್ಷೇಮ.

ಹೊಸ ಸಿಮೆಂಟಿನ ಗಿಲಾವಿಗೆ ಕನಿಷ್ಠ ಏಳು ದಿನ ನೀರುಣಿಸಿ, ಒಟ್ಟು 28 ದಿನಗಳಾದರೂ ಬಿಡಬೇಕು. ಹಸಿ ಸಿಮೆಂಟಿನ ಕ್ಷಾರ ಎಣ್ಣೆಬಣ್ಣವನ್ನು ಸಾಬೂನಿನಂತಾಗಿಸಿ ಕೆಡಿಸುತ್ತದೆ. ಗೋಡೆ ಒಣಗಿದೆಯೇ ಎಂದು ತಿಳಿಯಲು ಒಂದೂವರೆ ಅಡಿಯ ಚೌಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಟೇಪಿನಿಂದ ಅಂಟಿಸಿ, ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಬಿಟ್ಟು ನೋಡಿರಿ. ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ಇನ್ನೂ ಕಾಯಬೇಕು. ಸುಣ್ಣ ಹೊಡೆಯುವವರಿಗೆ ಮಾತ್ರ ಈ ಕಟ್ಟಳೆಯಿಲ್ಲ. ಸುಣ್ಣಕ್ಕೆ ಗೋಡೆಯನ್ನು ನೆನೆಸಿಕೊಂಡೇ ತೆಳ್ಳಗೆ ಹಲವು ಸಲ ಬಳಿಯಬೇಕು.

ನಮ್ಮ ಪಡಸಾಲೆಗೆ ಈಗ ಮತ್ತೆ ಸುಣ್ಣದ ಗಾರೆಯೇ ಬಂದಿದೆ. ಹೋದ ದೀಪಾವಳಿಗೆ ಅದನ್ನು ಹಾಗೆಯೇ ಬಿಟ್ಟೆವು. ಬಂದ ಬೀಗರು ಕೇಳಿದರು, ಕಾರಣ ಹೇಳಿದೆವು. ಶಿವರಾತ್ರಿಯ ಹೊತ್ತಿಗೆ ಗೋಡೆ ಒಣಗಿತ್ತು. ತಾಯಿಯವರ ಹಾಸಿಗೆ ಮತ್ತೆ ಅದೇ ಜಾಗಕ್ಕೆ ಬಂದಿತು.