ಗಾಳಿ ವಿದ್ಯುತ್: ಸವಕಳಿಯ ಆಚೆಗಿನ ಲೆಕ್ಕ

ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ಎದ್ದ ಕಾಲದಲ್ಲಿ ಇತರ ಉದ್ಯಮಗಳನ್ನೂ ಈ ಕ್ಷೇತ್ರದತ್ತ ಸೆಳೆದುದು ಆದಾಯ ತೆರಿಗೆಯ ಸವಕಳಿ. ಮೊದಲ ವರ್ಷವೇ ಶೇ. 80. ಒಂದು ಕೋಟಿ ರೂ. ಹೂಡಿಕೆಗೆ ಶೇ. 30ರ ದರದಲ್ಲಿ 24 ಲಕ್ಷ ರೂ. ತೆರಿಗೆ ಉಳಿಯುತ್ತಿತ್ತು. ವಾಸ್ತವದಲ್ಲಿ ಇದು ಮನ್ನಾ ಅಲ್ಲ, ಮುಂದೂಡಿಕೆ. ಮುಂದಿನ ವರ್ಷಗಳಲ್ಲಿ ಕಳೆಯಲು ಸವಕಳಿ ಅಷ್ಟಾಗಿ ಉಳಿದಿರುವುದಿಲ್ಲ. 2012ರಲ್ಲಿ ನಿಂತು 2014ರಲ್ಲಿ ಮರಳಿದ ಈ ದರ, 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು.

ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಸವಕಳಿ ಅರ್ಧ ಮಾತ್ರ. ಆದ್ದರಿಂದಲೇ ಸೆಪ್ಟೆಂಬರ್ ಅಂತ್ಯದೊಳಗೆ ಯಂತ್ರ ಚಾಲೂ ಮಾಡುವ ಧಾವಂತ. ಆದರೆ ನಮ್ಮಲ್ಲಿ ಗಾಳಿಯ ಸುಗ್ಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಸವಕಳಿ ಪೂರ್ತಿ ದಕ್ಕಿದರೂ ಆ ವರ್ಷದ ಗಾಳಿ ಕೈತಪ್ಪಿರುತ್ತದೆ!

ರಾಯಚೂರು, ಚಂದ್ರಬಂಡ ಭಾಗದ ಜಿನ್ನಿಂಗ್ ಮಾಲೀಕರಿಗೆ ಇನ್ನೊಂದು ತೊಡಕುಂಟು. ಹತ್ತಿ ಬರುವುದು ಮಳೆಗಾಲ ಕಳೆದ ಮೇಲೆ. ಮುಂಗಾರಿನಲ್ಲಿ ದೂರದ ಗುಡ್ಡದಲ್ಲಿ ಉತ್ಪಾದಿಸಿದ ಯೂನಿಟ್ಟುಗಳನ್ನು ಗಿರಣಿಯ ಹಂಗಾಮಿನವರೆಗೆ ಜಮಾ ಇಡಲು ಅವಕಾಶವಿದೆಯೇ, ಸಾಗಣೆ ಶುಲ್ಕವೆಷ್ಟು ಎಂಬುದನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಚಾಲ್ತಿ ಆದೇಶದಲ್ಲಿ ನೋಡಿಕೊಳ್ಳತಕ್ಕದ್ದು.

ಗಾಳಿಯ ವೇಗ ಶೇ. 10 ತಗ್ಗಿದರೆ ಅದರಲ್ಲಿನ ಶಕ್ತಿ ಶೇ. 27 ತಗ್ಗುತ್ತದೆ. ಮಾರಾಟಗಾರರ ವಾರ್ಷಿಕ ಸರಾಸರಿಗೆ ತೃಪ್ತರಾಗದೆ, ಅದೇ ಗುಡ್ಡದಲ್ಲಿ ಅಳೆದ ತಿಂಗಳುವಾರು ಅಂಕಿಗಳನ್ನು ಕರಾರಿಗೆ ಮೊದಲೇ ಕೇಳಿ ಪಡೆಯುವುದು ಲೇಸು.