ಮಡ್ಡಿಯ ಮೇಲೊಂದು ಬ್ಯಾಟಿಯ ಲೆಕ್ಕ

ನಿಡಗುಂದಿಯಿಂದ ಆಲಮಟ್ಟಿಯ ಕಡೆ ಹೊರಟರೆ ಎರಿ ಹೊಲಗಳು ಹಿಂದೆ ಸರಿದು ಮಡ್ಡಿ ಶುರುವಾಗುತ್ತದೆ. ಕೆಂಪು ಗರಸು, ಚೂಪುಗಲ್ಲು, ನಡುನಡುವೆ ಬಾರಿಕಂಟಿ, ಜಾಲಿ. ಊರ ದನಕರುಗಳಿಗೆಂದು ಬಿಟ್ಟ ಗಾಯರಾಣ. ಏರಿನ ಮೇಲೆ ನಿಂತರೆ ದೂರದಲ್ಲಿ ಕೃಷ್ಣೆಯ ಹಿನ್ನೀರು ಇಳಿಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಬಿಳಿಜೋಳದ ರಾಶಿ ಮುಗಿದಿದೆ. ಹೊಲಗಳಲ್ಲಿ ಕೂಳೆ ಬಿಟ್ಟರೆ ಏನೂ ಇಲ್ಲ.

ಹೋಳಿ ಮುಗಿದು ಯುಗಾದಿ ಬರುವುದರೊಳಗಿನ ಈ ಬಯಲ ದಿನಗಳೇ ಒಂದು ಕಾಲಕ್ಕೆ ಬ್ಯಾಟಿಯ ದಿನಗಳು. ಬೆಳೆ ನಿಂತಾಗ ಮೊಲ ಅಡಗುತ್ತದೆ, ನಾಯಿಗೆ ಕಾಣುವುದಿಲ್ಲ. ಬೆಳೆ ತೆಗೆದ ಮೇಲೆ ನೆಲವೆಲ್ಲ ಓಟದ ಬಯಲು. ಕುರಿದಡ್ಡಿಯ ಬಲೆ ಬಿಗಿದು ಕಂಬಳಿಯ ಮೇಲೆ ಕೂತಿದ್ದ, ಎಂಬತ್ತರ ಆಸುಪಾಸಿನ ಮುತ್ಯಾನನ್ನು ಅದರ ಬಗ್ಗೆಯೇ ಕೇಳಿದೆ.

"ನಾಯಿ ಬಿಡೂದು ಕಡೀಕಿನ ಕೆಲಸ, ತಮ್ಮಾ. ಮದಲ ಜಾಗಾ ನೋಡಬೇಕು."

ಹುಡಿಯಲ್ಲಿ ಅಂಗೈ ಸವರಿ ನೆಲ ಸಮ ಮಾಡಿದ. ಒಂದು ದಪ್ಪ ಕಲ್ಲಿಟ್ಟ: ಮಡ್ಡಿ. ಬೆರಳಿನಿಂದ ಗೆರೆ ಎಳೆದ: ಹಳ್ಳ. ಮುರಿದ ಕಡ್ಡಿಗಳು ಕಂಟಿಯಾದವು, ಹರಳುಗಳು ಮಂದಿಯಾದವು. "ಮೊಲದ ಹಿಂಗಾಲು ಉದ್ದ. ಏರಿಗೆ ಓಡತಂದ್ರ ನಾಯಿಗಿ ಸಿಗೂದಿಲ್ಲ. ಇಳಕಲಿಗಿ ಮುಗ್ಗರಸ್ತದ. ಅದಕ್ಕ ಮಂದಿ ಮ್ಯಾಲಿಂದ ಹಾ ಹಾ ಅಂತ ಎಬ್ಬಸಬೇಕು, ಬಲಿ ಹಳ್ಳದಾಗ. ಗಾಳಿ ಬಲಿ ಹಿಡದವರ ಮಾರಿಗಿ ಬಡೀಬೇಕು. ತಿರುಗಿ ಬೀಸಿತಂದ್ರ ಆ ದಿನ ಮನೀಗಿ ಹೋಗೂದು." ಯಾರು ಎಲ್ಲಿ ನಿಲ್ಲಬೇಕು, ಯಾರು ಕೂಗಬೇಕು, ಯಾರು ಉಸಿರು ಬಿಗಿಹಿಡಿದು ಕೂಡಬೇಕು, ಎಲ್ಲ ಹಿಂದಿನ ಸಂಜೆಯೇ ಮುಗಿಯುತ್ತಿತ್ತಂತೆ. ಪಾಲಿನ ಲೆಕ್ಕವೂ ಅಷ್ಟೇ. ನಾಯಿಗೂ ಒಂದು ಪಾಲು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬ್ಯಾಟಿಯನ್ನು ನಿಲ್ಲಿಸಿತು. ನಿಲ್ಲಬೇಕಾದದ್ದೇ. ಈ ಬಯಲಿನ ಚಿಗರಿಗಳಿಗೆ ಬೇರೆ ದಾರಿಯೇ ಇರಲಿಲ್ಲ. ಹೊಳೆಯಾಚೆ ಬೀಳಗಿ-ಮುಧೋಳ ಸೀಮೆಯ ಯಡಹಳ್ಳಿ ಇಂದು ಚಿಂಕಾರಗಳ ಅಭಯಾರಣ್ಯ ಎಂಬುದು ನನಗೆ ಹೆಮ್ಮೆಯ ಸಂಗತಿ. ಆದರೆ ಹುಡಿಯಲ್ಲಿ ಮೂಡಿದ ಆ ನಕಾಶೆಯನ್ನು ಯಾರೂ ಬರೆದಿಟ್ಟಿಲ್ಲವಲ್ಲ ಎಂಬ ಸಂಕಟ ಬೇರೆಯೇ.

ಮುತ್ಯಾನ ಪಕ್ಕದಲ್ಲೇ ಮುಧೋಳ ತಳಿಯ ನಾಯಿ ಮಲಗಿತ್ತು. ನೀಳ ಮೂತಿ, ಇಳಿದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ. ತೊಡೆಯ ಚರ್ಮ ಎಷ್ಟು ತೆಳುವೆಂದರೆ ನರ ಎದ್ದು ಕಾಣುತ್ತದೆ. ದೂರದಲ್ಲಿ ಏನೋ ಅಲುಗಿತು. ತಲೆ ಎತ್ತುವ ಮೊದಲೇ ಕಿವಿ ನಿಮಿರಿದವು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಅಂಚೆಚೀಟಿ ಹೊರತಂದಿತು. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಕನ್ನಡ ನಾಡಿನಲ್ಲಿ ಬೇಟೆನಾಯಿಗೆ ಸಂದ ಮರ್ಯಾದೆ ಇನ್ನೂ ಹಳೆಯದು: ಹತ್ತನೆಯ ಶತಮಾನದ ಆತಕೂರಿನ ಶಾಸನ, ಕಲ್ಲುಮೊರಡಿಯಲ್ಲಿ ಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಂತದ್ದು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬ್ಯಾಟಿಯ ಲೆಕ್ಕಕ್ಕೇ ಮರಳಿ, ಮುತ್ಯಾನ ಮುಂದೆ ಅಲಾಸ್ಕಾದ ಮಾತು ತೆಗೆದೆ. ಅಲ್ಲಿ ಸರ್ಕಾರಿ ಗುಡ್ಡಗಾಡಿನಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಬೇಟೆಗೆ ಇಂದಿಗೂ ಪರವಾನಗಿ ಕೊಡುತ್ತಾರೆ, ತಿಂಗಳುಗಟ್ಟಲೆ ಮುಂಚೆಯೇ ನಕಾಶೆ ಹರಡಿಕೊಂಡು ಕೂಡುತ್ತಾರೆ, ಗಂಡು ಮೂಸ್ ಐನೂರು ಕಿಲೊ ದಾಟುತ್ತದೆ ಎಂದೆ.

ಮುತ್ಯಾನ ಹುಬ್ಬೇರಿತು. "ಹೊಡದದ್ದು ಖರೆ. ಗುಡ್ಡದ ಮ್ಯಾಲಿಂದ ಹೊರೂದು ಹ್ಯಾಂಗ?"

ಅಲ್ಲಿನವರ ತಲೆಬಿಸಿಯೂ ಅದೇ. ತಿನ್ನಲು ಬರುವ ಮಾಂಸವನ್ನು ಕಾಡಲ್ಲಿ ಬಿಟ್ಟು ಬರುವುದು ಅಲ್ಲಿ ಅಪರಾಧ. ಹಾಗಾಗಿ ಎಷ್ಟು ದೂರ ಹೊರಬಲ್ಲೆವು ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಎಲ್ಲಿ ಬೇಟೆಯಾಡುವುದೆಂದು ನಿಶ್ಚಯಿಸುತ್ತಾರೆ. ಕೇಳಿ ಮುತ್ಯಾ ತಲೆದೂಗಿದ. "ಶಾಣ್ಯಾರ ಅದಾರ."

ಹೊತ್ತು ಮುಳುಗುತ್ತಿತ್ತು. ಮೊಮ್ಮಗ ನಾಯಿಗಳನ್ನು ಕಾವಲಿಗೆಂದು ದಡ್ಡಿಯ ಮೇಲ್ಗಡೆ, ದಾರಿಯ ಬದಿಗೆ ಕರೆದೊಯ್ಯುತ್ತಿದ್ದ. ಮುತ್ಯಾ ಹಿಡಿ ಹುಡಿ ತೂರಿ ನೋಡಿ ಕೂಗಿದ: "ಅಲ್ಲಲೇ, ಹಳ್ಳದ ಕಡಿಗಿ ಬಿಡು! ಗಾಳಿ ಆ ಕಡಿಗಿ ಹೊಂಟದ. ಕುರಿ ವಾಸನಿ ತ್ವಾಳಕ್ಕ ಹೋಗ್ತದ, ತ್ವಾಳದ ವಾಸನಿ ನಾಯಿಗಿ ಬರೂದಿಲ್ಲ. ಬಂದ್ರ ಅಲ್ಲಿಂದನ ಬರ್ತದ. ಹೊಡೀಬ್ಯಾಡ್ರಿ, ಬೆದರಿಸಿ ಓಡಸ್ರಿ ಸಾಕು."