ಕೋಡಿಯಿಲ್ಲದ ಕೆರೆಗಳು

ಕೆರೆಯೆಂದರೆ ಕಟ್ಟಿದ್ದು ಎಂಬ ತಿಳಿವಳಿಕೆಯಲ್ಲಿ ಬೆಳೆದವನು ನಾನು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ನನ್ನ ಊರು. ಇಂದು ಅದು ಜಾನಪದ ವಿಶ್ವವಿದ್ಯಾಲಯದ ಊರೆಂದು ಹೆಸರಾಗಿದೆ. ನಮ್ಮ ಸೀಮೆಯಲ್ಲಿ ಕೆರೆಗೆ ಏರಿ ಉಂಟು, ತೂಬು ಉಂಟು, ಕೋಡಿ ಉಂಟು. ಹಿರೇಕೆರೂರು ಕಡೆಯ ಮಾಸೂರಿನ ಮದಗದ ಕೆರೆಯಂಥ ಹಿರಿಯ ಕೆರೆಯೂ ಗುಡ್ಡಗಳ ಸಂದಿಗೆ ಒಡ್ಡು ಹಾಕಿ, ಕುಮುದ್ವತಿಯನ್ನು ತಡೆದು, ಮನುಷ್ಯರು ಮಾಡಿದ್ದೇ. ಆದಕಾರಣ 2022ರ ಸೆಪ್ಟೆಂಬರಿನಲ್ಲಿ ಹಿಮಾಚಲದ ಸೂರಜ್ ತಾಲ್ ಎಂಬ ಸರೋವರದ ದಂಡೆಯಲ್ಲಿ ನಿಂತಾಗ ನಮ್ಮ ಮನೆಯವರು ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಲಿಲ್ಲ: “ಅಲ್ರೀ, ಇದಕ್ಕ ಏರಿ ಯಾರು ಹಾಕ್ಯಾರ? ಕೋಡಿ ಎಲ್ಲೈತಿ?”

ಉತ್ತರಕ್ಕೆ ಮುನ್ನ ದಾರಿಯನ್ನಿಷ್ಟು ಹೇಳಬೇಕು. ಮನಾಲಿಯಿಂದ ಲೇಹ್ ಪಟ್ಟಣಕ್ಕೆ ಹೋಗುವ ಹೆದ್ದಾರಿಯದು. ಮೊದಲು ರೋಹ್ತಾಂಗನ್ನು ಏರಿ ಇಳಿಯಬೇಕಾಗಿತ್ತು; 2020ರ ಅಕ್ಟೋಬರಿನಿಂದ ಅದರ ಅಡಿಯಲ್ಲಿ ಒಂಬತ್ತು ಕಿಲೋಮೀಟರ್ ಸುರಂಗವಿದೆ. ಯಾತ್ರಿಕನಾದ ನನಗೆ ಬೆಟ್ಟವನ್ನು ಕಾಣದೆ ಬೆಟ್ಟ ದಾಟಿದ್ದು ಸಪ್ಪೆಯೆನಿಸಿತು. ಚಳಿಗಾಲವೆಲ್ಲ ಹೊರಲೋಕದ ಸಂಪರ್ಕವಿಲ್ಲದೆ ಕಳೆಯುತ್ತಿದ್ದ ಲಾಹೌಲಿನ ಜನಕ್ಕೆ ಹಾಗೆನಿಸಲಾರದು. ಕೇಲಾಂಗಿನಲ್ಲಿ ಎರಡು ರಾತ್ರಿ ತಂಗಿದೆವು. ಮುಂದಿನ ಬಾರಾಲಾಚಾ ಲಾ 4,890 ಮೀಟರ್, ಎಂದರೆ ಹದಿನಾರು ಸಾವಿರ ಅಡಿಗೆ ಮಿಕ್ಕ ಎತ್ತರದ್ದು. ಅಲ್ಲಿ ಗಾಳಿಯ ಒತ್ತಡ ಕಡಲ ತಡಿಯಲ್ಲಿರುವುದರ ಅರ್ಧಕ್ಕಿಂತ ತುಸುವೇ ಹೆಚ್ಚು. ಮೈ ಅದಕ್ಕೆ ಹೊಂದಿಕೊಳ್ಳಲು ಬಿಡುವು ಕೊಡದೆ ಏರಿದರೆ ತಲೆನೋವು, ವಾಕರಿಕೆ. ಅಲಕ್ಷಿಸಿದರೆ ಪ್ರಾಣಕ್ಕೇ ಸಂಚಕಾರ. ನಸುಕಿನಲ್ಲೇ ಹೊರಡಬೇಕೆಂದು ಚಾಲಕ ಹಟ ಹಿಡಿದ. ಬಿಸಿಲೇರಿದಂತೆ ಹಿಮ ಕರಗಿ, ಬೆಳಗಿನಲ್ಲಿ ಮೊಳಕಾಲುದ್ದವಿದ್ದ ಹಳ್ಳ ಮಧ್ಯಾಹ್ನಕ್ಕೆ ರಸ್ತೆಯನ್ನೇ ನುಂಗುತ್ತದಂತೆ. ಆ ರಸ್ತೆಯನ್ನು ವರ್ಷವರ್ಷವೂ ಹಿಮದಿಂದ ಬಿಡಿಸಿ ತೆಗೆಯುವುದು ಗಡಿ ರಸ್ತೆಗಳ ಸಂಸ್ಥೆ. ಕಲ್ಲು ಒಡೆಯುವ ಕೈಗಳಲ್ಲಿ ಎಷ್ಟೋ ದೂರದ ಝಾರ್ಖಂಡದವು.

‘ಲಾ’ ಎಂಬುದು ಟಿಬೆಟನ್ ಮಾತು. ನಮ್ಮ ಪತ್ರಿಕೆಗಳು ಅದನ್ನು ಕಣಿವೆಯೆಂದು ಬರೆಯುತ್ತವೆ, ಓದುವವರು ತಗ್ಗನ್ನು ಊಹಿಸಿಕೊಳ್ಳುತ್ತಾರೆ. ಘಟ್ಟವೆನ್ನೋಣವೆಂದರೆ ಅದೂ ಸರಿಹೊಂದದು. ಅಂಕೋಲೆಗೆ ಹೋಗುವ ನಾವು ಅರಬೈಲು ಘಟ್ಟವನ್ನು ಇಳಿಯುತ್ತೇವೆಯೇ ಹೊರತು ಏರುವುದಿಲ್ಲ. ನಾವಿರುವುದೇ ಪ್ರಸ್ಥಭೂಮಿಯ ಮೇಲೆ, ಸಹ್ಯಾದ್ರಿ ಅದರ ಅಂಚು. ಲಾ ಹಾಗಲ್ಲ. ಇತ್ತಲಿಂದ ಏರಬೇಕು, ಅತ್ತ ಇಳಿಯಬೇಕು. ಎರಡು ಶಿಖರಗಳ ನಡುವೆ ಬೆನ್ನು ತಗ್ಗಿದ ತಾಣ ಅದು.

ಒಂದು ಗುಣದಲ್ಲಿ ಮಾತ್ರ ಎರಡೂ ಒಂದೇ: ನೀರನ್ನು ಪಾಲು ಮಾಡುವುದು. ಧಾರವಾಡದಲ್ಲಿ ಹುಟ್ಟಿದ ಶಾಲ್ಮಲೆ ಬೇಡ್ತಿಯನ್ನು ಕೂಡಿ ಪಡುಗಡಲಿಗೆ ಹೋಗುತ್ತದೆ. ನಮ್ಮ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರಿ ಮೂಡುಗಡಲಿನ ಹಾದಿ ಹಿಡಿಯುತ್ತದೆ. ಬಾರಾಲಾಚಾದ ಸುತ್ತ ಮೂರು ಹೊಳೆಗಳು ಹುಟ್ಟುತ್ತವೆ. ಸೂರಜ್ ತಾಲಿನಿಂದ ಭಾಗಾ, ಮತ್ತೊಂದು ಮಗ್ಗುಲಿನಿಂದ ಚಂದ್ರಾ. ಇವೆರಡೂ ಬೇರೆ ಬೇರೆ ಕಣಿವೆಗಳನ್ನು ಬಳಸಿ ಬಂದು ತಾಂಡಿಯಲ್ಲಿ ಕೂಡಿ ಚಂದ್ರಭಾಗೆಯಾಗುತ್ತವೆ. ಮುಂದೆ ಅದೇ ಚೀನಾಬ್, ವೇದಕಾಲದ ಅಸಿಕ್ನಿ. ಮೂರನೆಯದಾದ ಯೂನಾಮ್ ಬಡಗಣಕ್ಕೆ ಹರಿದು ಝಾಂಸ್ಕಾರದ ಮೂಲಕ ಸಿಂಧುವನ್ನು ಸೇರುತ್ತದೆ. ಚೀನಾಬೂ ಕೊನೆಗೆ ಪಂಜನದಿಯಾಗಿ ಸಿಂಧುವಿಗೇ ಬರುತ್ತದೆ. ಒಂದೇ ಬೆಟ್ಟದಲ್ಲಿ ಅಗಲಿದ ನೀರು ಮತ್ತೆ ಕೂಡುವ ಹೊತ್ತಿಗೆ ಪಾಕಿಸ್ತಾನದ ಬಯಲನ್ನು ತಲುಪಿರುತ್ತದೆ.

ಇನ್ನು ನಮ್ಮ ಮನೆಯವರ ಪ್ರಶ್ನೆ. ಆ ಎತ್ತರದ ಎಷ್ಟೋ ಸರೋವರಗಳನ್ನು ಮಾಡಿದ್ದು ಹಿಮನದಿ. ಹಿಮನದಿಯೆಂದರೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರುವ ಮಂಜುಗಡ್ಡೆಯ ರಾಶಿ. ಅದು ಬಂಡೆಯನ್ನು ಉಜ್ಜಿ ಬೋಗುಣಿಯಂತೆ ತೋಡುತ್ತದೆ. ಕಿತ್ತ ಕಲ್ಲುಮಣ್ಣನ್ನು ಮುಂದಕ್ಕೆ ತಳ್ಳಿ ದಿಬ್ಬವಾಗಿ ಪೇರಿಸುತ್ತದೆ. ಮುಂದೆ ಹಿಮನದಿ ಹಿಂದಕ್ಕೆ ಸರಿದರೆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ದಿಬ್ಬವೇ ಏರಿಯಾಗುತ್ತದೆ. ನೀರಿನ ಆ ಹಸುರುನೀಲಿಯೂ ಬರಿಯ ಆಕಾಶದ ನೆರಳಲ್ಲ. ಅರೆದ ಬಂಡೆಯ ನುಣುಪಾದ ಹಿಟ್ಟು ನೀರಿನಲ್ಲಿ ತೇಲಿ ಬೆಳಕನ್ನು ಚದುರಿಸುವುದರಿಂದಲೂ ಆ ಬಣ್ಣ ಬರುತ್ತದೆ. ಸೂರಜ್ ತಾಲಿಗೆ ಭಾಗಾ ನದಿಯೇ ಕೋಡಿ. ಆದರೆ ಎಲ್ಲ ಸರೋವರಗಳಿಗೂ ಗಟ್ಟಿ ಕೋಡಿಯಿರುವುದಿಲ್ಲ. ಆ ಏರಿಯನ್ನು ಯಾರೂ ತುಳಿದು ಗಟ್ಟಿ ಮಾಡಿದ್ದಲ್ಲ. ಸಡಿಲ ಕಲ್ಲುಮಣ್ಣು, ಕೆಲವೆಡೆ ಒಳಗೆ ಮಂಜುಗಡ್ಡೆಯೂ ಹುದುಗಿರುತ್ತದೆ.

ಅದು ಒಡೆದರೆ ಏನಾಗುವುದೆಂಬುದನ್ನು ಕೇದಾರನಾಥ ಕಂಡಿತು. ಕೇದಾರ ನಮ್ಮ ಕಡೆಯವರಿಗೆ ದೂರದ ಊರಲ್ಲ. ಅಲ್ಲಿಯ ರಾವಲರು ವೀರಶೈವ ಪರಂಪರೆಯವರು, ಕನ್ನಡ ನಾಡಿನಿಂದ ಅರ್ಚಕರು ಹೋಗುವ ವಾಡಿಕೆಯಿದೆ. ದೇವಾಲಯದ ಮೇಲ್ಭಾಗದಲ್ಲಿ ಚೋರಾಬಾರಿ ತಾಲ್ ಇತ್ತು. ಗಾಂಧೀಜಿಯವರ ಚಿತಾಭಸ್ಮವನ್ನು ವಿಸರ್ಜಿಸಿದ ಮೇಲೆ ಅದು ಗಾಂಧಿ ಸರೋವರವೆನಿಸಿತು. 2013ರ ಜೂನ್ 17ರ ಬೆಳಗ್ಗೆ, ಎಡೆಬಿಡದ ಮಳೆಗೆ ತುಂಬಿ ದಿಬ್ಬ ಒಡೆಯಿತು. ಕೆಲವೇ ನಿಮಿಷಗಳಲ್ಲಿ ಸರೋವರ ಬರಿದಾಯಿತು. 2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲ್ಹೋನಕ್ ಸರೋವರ ಒಡೆದು ಚುಂಗ್‌ಥಾಂಗಿನ ಅಣೆಕಟ್ಟನ್ನೇ ಕೊಚ್ಚಿತು. ಆ ಸರೋವರದಿಂದ ಕೊಳವೆಗಳ ಮೂಲಕ ನೀರಿಳಿಸುವ ಯತ್ನ 2016ರಲ್ಲೇ ನಡೆದಿತ್ತು, ಅದು ಸಾಲಲಿಲ್ಲ. ನೇಪಾಳದವರು ತ್ಸೋ ರೋಲ್ಪಾದಲ್ಲಿ ಕಾಲುವೆ ತೋಡಿ, ಬಾಗಿಲಿಟ್ಟು, 2000ದಲ್ಲಿ ನೀರಿನ ಮಟ್ಟವನ್ನು ಮೂರು ಮೀಟರ್ ಇಳಿಸಿದರು. ತಾವು ಕಟ್ಟದ ಕೆರೆಗೂ ಜನ ಕೋಡಿ ಕಡಿಯಬೇಕಾಗಿ ಬಂದಿದೆ.

ನಾವು ಹಿಂದಿರುಗುವಾಗ ಸುರಂಗದ ಸಮೀಪದ ಸಿಸ್ಸುವಿನಲ್ಲಿ ಚಹಕ್ಕೆ ನಿಂತಿದ್ದೆವು. ಇಕ್ಕೆಲದಲ್ಲೂ ಆಲೂಗಡ್ಡೆಯ ಹೊಲ. ಆ ಊರಿನ ಮೇಲಣ ಬೆಟ್ಟದಲ್ಲಿ ಘೇಪಾಂಗ್ ಎಂಬ ಹಿಮಸರೋವರವಿರುವುದು ನನಗಾಗ ತಿಳಿದಿರಲಿಲ್ಲ. 1989ರಲ್ಲಿ ಸುಮಾರು 36 ಹೆಕ್ಟೇರಿದ್ದ ಅದು 2022ರ ಹೊತ್ತಿಗೆ 101 ಹೆಕ್ಟೇರಾಗಿತ್ತೆಂದು ಇಸ್ರೋ ಉಪಗ್ರಹ ಚಿತ್ರಗಳಿಂದ ಅಳೆದು ತಿಳಿಸಿದ್ದು 2024ರಲ್ಲಿ. ಪತ್ರಿಕೆಯಲ್ಲಿ ಅದನ್ನೋದಿ ಮನೆಯಲ್ಲಿ ಹೇಳಿದೆ. ಅವರು ಕೇಳಿದ್ದು ಅದೇ ಹಳೆಯ ಪ್ರಶ್ನೆ: “ಅದಕ್ಕರ ಕೋಡಿ ಐತೇನ್ರಿ?”